ಡೇಟಾ ಸಫಿಷಿಯೆನ್ಸಿ: ಸಾಕೋ, ಸಾಲದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾಮೂಲಿ ಗಣಿತದ ಪ್ರಶ್ನೆಗೂ ಡೇಟಾ ಸಫಿಷಿಯೆನ್ಸಿ ಪ್ರಶ್ನೆಗೂ ಏನು ವ್ಯತ್ಯಾಸ?

ಮಾಮೂಲಿ ಪ್ರಶ್ನೆಯಲ್ಲಿ ಉತ್ತರ ಎಷ್ಟು ಎಂದು ಕೇಳುತ್ತಾರೆ. ಇಲ್ಲಿ ಕೇಳುವುದು, ಆ ಉತ್ತರ ಹೇಳಲು ಕೊಟ್ಟ ಮಾಹಿತಿ ಸಾಕೇ ಎಂದು. ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ (1), (2) ಎಂದು ಎರಡು ಹೇಳಿಕೆ. ಒಂದು ಹೇಳಿಕೆಯನ್ನು ನಂಬಿ ಹೊರಟರೆ ಪ್ರಶ್ನೆಗೆ ಒಂದೇ ಒಂದು ಉತ್ತರ ಬರುವಂತಿದ್ದರೆ ಅದು ಸಾಕು. ಎರಡು ಬೇರೆ ಬೇರೆ ಉತ್ತರಗಳಿಗೆ ಜಾಗ ಉಳಿದರೆ ಸಾಲದು. ಉತ್ತರದ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ, ಆಯ್ಕೆಗಳಲ್ಲಿ ಅದು ಇರುವುದೂ ಇಲ್ಲ.

ಹಾಗಾಗಿ ಇಲ್ಲಿನ ಕೆಲಸ ಲೆಕ್ಕ ಬಿಡಿಸುವುದಲ್ಲ, ಹೇಳಿಕೆಯನ್ನು ಮುರಿಯಲು ನೋಡುವುದು. ಹೇಳಿಕೆಗೆ ಒಪ್ಪುವ, ಆದರೆ ಬೇರೆ ಬೇರೆ ಉತ್ತರ ಕೊಡುವ ಎರಡು ಸಂದರ್ಭ ಸಿಕ್ಕರೆ ಅದು ಮುರಿಯಿತು. ಸಿಗಲಾರದು ಎಂಬುದಕ್ಕೆ ಕಾರಣ ಹೇಳಲು ಬಂದರೆ ಅದು ಗಟ್ಟಿ. ಕೆಳಗಿನ ಎಲ್ಲ ಉತ್ತರಗಳ ಬುಡದಲ್ಲಿರುವುದು ಇದೇ.

ಐದು ಆಯ್ಕೆಗಳು ಯಾವುವು? ಬಾಯಿಪಾಠ ಮಾಡಬೇಕೇ?

ಮಾಡಲೇಬೇಕು. ಎಂಬಿಎಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನಲ್ಲಿ ಇವು ಪ್ರತಿ ಪ್ರಶ್ನೆಗೂ ಇದೇ ಕ್ರಮದಲ್ಲಿ ಬರುತ್ತವೆ:

ಎ: (1) ಒಂದೇ ಸಾಕು, (2) ಒಂದೇ ಸಾಲದು.
ಬಿ: (2) ಒಂದೇ ಸಾಕು, (1) ಒಂದೇ ಸಾಲದು.
ಸಿ: ಬಿಡಿಯಾಗಿ ಎರಡೂ ಸಾಲವು, ಒಟ್ಟುಗೂಡಿಸಿದರೆ ಸಾಕು.
ಡಿ: ಬಿಡಿಯಾಗಿ ಎರಡೂ ಸಾಕು.
ಇ: ಒಟ್ಟುಗೂಡಿಸಿದರೂ ಸಾಲದು.

ಬೇರೆ ಪರೀಕ್ಷೆಗಳಲ್ಲಿ ಆಯ್ಕೆಗಳ ಕ್ರಮ ಬೇರೆ ಇರಬಹುದು. ಅಲ್ಲಿ ಪ್ರಶ್ನೆ ಮುಟ್ಟುವ ಮೊದಲು ಸೂಚನೆಯನ್ನು ಓದಿ, ಯಾವ ಅಕ್ಷರಕ್ಕೆ ಯಾವ ಅರ್ಥ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಲೆಕ್ಕವೆಲ್ಲ ಸರಿಯಿದ್ದು ಅಕ್ಷರ ತಪ್ಪಿ ಅಂಕ ಹೋಗುವುದು ಅಪರೂಪವೇನಲ್ಲ.

ಯಾವ ಕ್ರಮದಲ್ಲಿ ಹೋಗಬೇಕು?

ಮೊದಲು ಪ್ರಶ್ನೆಯನ್ನು ಮಾತ್ರ ಓದಿ, ಹೇಳಿಕೆಗಳನ್ನು ಕೈಯಿಂದ ಮುಚ್ಚಿದಂತೆ ಭಾವಿಸಿ. ಉತ್ತರ ಹೇಳಲು ಏನು ಗೊತ್ತಾಗಬೇಕು ಎಂದು ಸರಳ ಮಾತಿನಲ್ಲಿ ಬರೆದುಕೊಳ್ಳಿ. "3ಕ + 6ಖ ಎಷ್ಟು?" ಎಂದು ಕೇಳಿದ್ದರೆ ಬೇಕಿರುವುದು ಕ ಮತ್ತು ಖ ಎರಡೂ ಅಲ್ಲ, ಕ + 2ಖ ಅಷ್ಟೇ. ಇದನ್ನು ಮೊದಲೇ ಕಂಡುಕೊಂಡವರಿಗೆ "ಕ + 2ಖ = 7" ಎಂಬ ಹೇಳಿಕೆ ಕಂಡ ಕೂಡಲೇ ಸಾಕು ಎನಿಸುತ್ತದೆ. ಕಂಡುಕೊಳ್ಳದವರು ಒಂದು ಸಮೀಕರಣದಲ್ಲಿ ಎರಡು ಅಜ್ಞಾತಗಳಿವೆ ಎಂದು ಅದನ್ನು ತಳ್ಳಿಹಾಕುತ್ತಾರೆ.

ಆಮೇಲೆ (1)ನ್ನು ಮಾತ್ರ ನೋಡಿ. ಸಾಕಾದರೆ ಉತ್ತರ ಎ ಅಥವಾ ಡಿ. ಸಾಲದಿದ್ದರೆ ಬಿ, ಸಿ, ಇ ಉಳಿಯುತ್ತವೆ. ಉಳಿದ ಅಕ್ಷರಗಳನ್ನು ಬರೆದು, ಹೋದವನ್ನು ಹೊಡೆದುಹಾಕಿ. ಮುಂದೆ (1)ನ್ನು ಪೂರ್ತಿ ಮರೆತು (2)ನ್ನು ನೋಡಿ. ಎರಡೂ ಬಿಡಿಯಾಗಿ ಸಾಲದಿದ್ದಾಗ ಮಾತ್ರ ಒಟ್ಟುಗೂಡಿಸುವ ಮಾತು. ಎ ಅಥವಾ ಡಿ ಎಂದು ನಿಂತಾಗ ಎರಡನ್ನೂ ಸೇರಿಸಿ ನೋಡುವುದು ಸಮಯ ಹಾಳು.

(2) ಸುಲಭವಾಗಿ ಕಂಡರೆ ಅಲ್ಲಿಂದಲೇ ಶುರುಮಾಡಿ. ಆಗ ಸಾಕಾದರೆ ಬಿ ಅಥವಾ ಡಿ, ಸಾಲದಿದ್ದರೆ ಎ, ಸಿ, ಇ.

ಉತ್ತರ "ಇಲ್ಲ" ಎಂದು ಬಂದರೆ ಮಾಹಿತಿ ಸಾಲದು ಎಂದೇ ಅರ್ಥವೇ?

ಅಲ್ಲ. ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದು. ಹೌದೋ ಅಲ್ಲವೋ ಎಂಬ ಪ್ರಶ್ನೆಗೆ "ಎಂದೆಂದೂ ಅಲ್ಲ" ಎಂಬುದು ಕೂಡ ಖಚಿತ ಉತ್ತರ, ಆದ್ದರಿಂದ ಸಾಕು. "ಕೆಲವೊಮ್ಮೆ ಹೌದು, ಕೆಲವೊಮ್ಮೆ ಅಲ್ಲ" ಎಂದಾದರೆ ಮಾತ್ರ ಸಾಲದು.

ಕ ಧನ ಸಂಖ್ಯೆಯೇ? (1) ಕ² = 9. (2) ಕ³ = −27.

(1)ರಿಂದ ಕ ಎಂಬುದು 3 ಇರಬಹುದು, −3 ಇರಬಹುದು. ಒಂದಕ್ಕೆ ಹೌದು, ಇನ್ನೊಂದಕ್ಕೆ ಅಲ್ಲ, ಸಾಲದು. (2)ರಿಂದ ಕ = −3 ಮಾತ್ರ. ಧನ ಸಂಖ್ಯೆ ಅಲ್ಲ ಎಂದು ಖಚಿತವಾಯಿತು, ಸಾಕು. ಉತ್ತರ ಬಿ.

ಅಭ್ಯಾಸದ ಹಾಳೆಯಲ್ಲಿ ಎರಡು ಬೇರೆ ಗುರುತುಗಳಿರಲಿ: ಪ್ರಶ್ನೆಯ ಉತ್ತರಕ್ಕೆ "ಹೌದು/ಅಲ್ಲ", ಹೇಳಿಕೆಗೆ "ಸಾಕು/ಸಾಲದು". ಎರಡಕ್ಕೂ ಒಂದೇ ಸರಿ-ತಪ್ಪು ಗುರುತು ಹಾಕುವವರು ಅವಸರದಲ್ಲಿ "ಅಲ್ಲ"ವನ್ನು "ಸಾಲದು" ಎಂದು ಓದಿಕೊಳ್ಳುತ್ತಾರೆ.

ಅಜ್ಞಾತ ಎರಡಿದ್ದರೆ ಸಮೀಕರಣವೂ ಎರಡು ಬೇಕು ಎಂಬ ನಿಯಮ ಸಾಲದೇ?

ಈ ನಿಯಮವನ್ನೇ ನೆಚ್ಚಿಕೊಂಡವರಿಗಾಗಿ ಬೇಕೆಂದೇ ಕೆಲವು ಪ್ರಶ್ನೆಗಳನ್ನು ಹೆಣೆದಿರುತ್ತಾರೆ. ನಿಯಮ ಎರಡೂ ಕಡೆ ಕೈಕೊಡುತ್ತದೆ.

ಮೊದಲನೆಯದು, ಎರಡು ಸಮೀಕರಣ ಇದ್ದೂ ಸಾಲದಿರುವುದು. ಕ + ಖ = 10 ಮತ್ತು 3ಕ + 3ಖ = 30 ಎಂಬವು ನೋಡಲು ಎರಡು, ಒಳಗೆ ಒಂದೇ. ಒಂದನ್ನು ಯಾವುದೋ ಸಂಖ್ಯೆಯಿಂದ ಗುಣಿಸಿದರೆ ಇನ್ನೊಂದು ಬರುತ್ತದೆಯೇ ಎಂದು ನೋಡದೆ ಸಿ ಎಂದು ಬರೆಯಬಾರದು.

ಎರಡನೆಯದು ಹೆಚ್ಚು ಸ್ವಾರಸ್ಯದ್ದು: ಒಂದೇ ಸಮೀಕರಣ ಸಾಕಾಗುವುದು. ಒಂದು ಗಾಡಿಯಲ್ಲಿ 7 ಕೆಜಿಯ ಪೆಟ್ಟಿಗೆಗಳೂ 12 ಕೆಜಿಯ ಪೆಟ್ಟಿಗೆಗಳೂ ಇವೆ, ಬೇರೇನೂ ಇಲ್ಲ. 7 ಕೆಜಿಯವು ಎಷ್ಟು? (1) ಒಟ್ಟು ತೂಕ 81 ಕೆಜಿ. (2) ಒಟ್ಟು ಪೆಟ್ಟಿಗೆ 8.

ಹೆಚ್ಚಿನವರು ಎರಡು ಸಮೀಕರಣ ಬರೆದು ಸಿ ಎಂದು ಗುರುತು ಹಾಕುತ್ತಾರೆ. ಆದರೆ ಪೆಟ್ಟಿಗೆ ಅರ್ಧ, ಕಾಲು ಇರುವುದಿಲ್ಲ. ಸಂಖ್ಯೆ ಪೂರ್ಣಾಂಕವೇ ಆಗಬೇಕು. 81ರಿಂದ 12ನ್ನು ಒಂದೊಂದಾಗಿ ಕಳೆಯುತ್ತಾ ಬನ್ನಿ: 81, 69, 57, 45, 33, 21, 9. ಇವುಗಳಲ್ಲಿ 7ರಿಂದ ಭಾಗವಾಗುವುದು 21 ಮಾತ್ರ. ಅಂದರೆ 12 ಕೆಜಿಯವು 5, 7 ಕೆಜಿಯವು 3. (1) ಒಂದೇ ಸಾಕು. (2) ಒಂದೇ ಸಾಲದು. ಉತ್ತರ ಎ.

ಈಗ ತೂಕವನ್ನು 129 ಕೆಜಿ, ಒಟ್ಟು ಪೆಟ್ಟಿಗೆ 12 ಎಂದು ಬದಲಿಸಿ. 7 ಕೆಜಿಯವು 3, 12 ಕೆಜಿಯವು 9 ಆದರೂ 129. 7 ಕೆಜಿಯವು 15, 12 ಕೆಜಿಯವು 2 ಆದರೂ 129. ಈಗ (1) ಸಾಲದು, ಉತ್ತರ ಸಿ. ಪ್ರಶ್ನೆಯ ಮಾತು ಒಂದಿಷ್ಟೂ ಬದಲಾಗಿಲ್ಲ, ಅಂಕಿ ಮಾತ್ರ ಬದಲಾಗಿದೆ.

ಹೀಗೇಕೆ? 7 ಕೆಜಿಯ 12 ಪೆಟ್ಟಿಗೆಗಳ ತೂಕವೂ 12 ಕೆಜಿಯ 7 ಪೆಟ್ಟಿಗೆಗಳ ತೂಕವೂ 84 ಕೆಜಿ. ಒಂದು ಪರಿಹಾರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕನಿಷ್ಠ ಈ 84 ಕೆಜಿಯ ಅದಲುಬದಲು ಆಗಲೇಬೇಕು. ಒಟ್ಟು ತೂಕವೇ 84ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಅವಕಾಶವಿಲ್ಲ, ಪರಿಹಾರ ಇದ್ದರೆ ಒಂದೇ. ಎರಡು ತೂಕಗಳ ಲ.ಸಾ.ಅ.ವನ್ನು (ಲಘುತಮ ಸಾಮಾನ್ಯ ಅಪವರ್ತ್ಯ, ಇಲ್ಲಿ 84) ಒಟ್ಟು ಮೊತ್ತದೊಂದಿಗೆ ಹೋಲಿಸುವ ಈ ಒಂದು ನೋಟ ಎಷ್ಟೋ ಲೆಕ್ಕ ಉಳಿಸುತ್ತದೆ. ಮೊತ್ತ ಲ.ಸಾ.ಅ.ಕ್ಕಿಂತ ದೊಡ್ಡದಾದರೆ ಎರಡನೆಯ ಪರಿಹಾರ ಇದ್ದೇ ಇರುತ್ತದೆ ಎಂದಲ್ಲ. ಆಗ ಎಣಿಸಿಯೇ ನೋಡಬೇಕು.

ವರ್ಗ ಸಮೀಕರಣ ಕಂಡರೆ ಎರಡು ಉತ್ತರ ಎಂದು ಬಿಟ್ಟುಬಿಡಬಹುದೇ?

ಬಿಡಬೇಡಿ, ಬಿಡಿಸಿ. ಕ² − 5ಕ + 6 = 0 ಆದರೆ 2 ಮತ್ತು 3, ಸಾಲದು. ಕ² − 6ಕ + 9 = 0 ಆದರೆ ಅದು (ಕ − 3)² = 0, ಉತ್ತರ 3 ಒಂದೇ, ಸಾಕು. ಕ² + ಕ − 12 = 0 ಆದರೆ 3 ಮತ್ತು −4; ಕ ಎಂಬುದು ಜನರ ಸಂಖ್ಯೆಯಾಗಿದ್ದರೆ −4 ತಾನಾಗಿ ಬಿದ್ದುಹೋಗುತ್ತದೆ, ಸಾಕು.

ಸಂಖ್ಯೆ ಹಾಕಿ ನೋಡುವಾಗ ಯಾವ ಸಂಖ್ಯೆಗಳನ್ನು ಆರಿಸಬೇಕು?

2, 3, 5 ಹಾಕಿ ನೋಡುವುದು ಎಲ್ಲರ ಕೈಗೂ ಬಂದುಬಿಟ್ಟಿರುತ್ತದೆ. ಅವು ಒಂದೇ ಜಾತಿಯವು, ಹೇಳಿಕೆಯನ್ನು ಮುರಿಯುವುದಿಲ್ಲ. ಮುರಿಯುವವು ಸೊನ್ನೆ, ಒಂದು, ಋಣ ಸಂಖ್ಯೆ, ಸೊನ್ನೆಗೂ ಒಂದಕ್ಕೂ ನಡುವಿನ ಭಿನ್ನರಾಶಿ. ಪೂರ್ಣಾಂಕ ಎಂದು ಬಾಯಿಬಿಟ್ಟು ಹೇಳದಿದ್ದರೆ ½ ಹಾಕಿ ನೋಡಲೇಬೇಕು. ಧನ ಎಂದು ಹೇಳದಿದ್ದರೆ −2 ಹಾಕಲೇಬೇಕು.

ಕ² > ಕ ಆಗಿದೆಯೇ? (1) ಕ ಧನ ಸಂಖ್ಯೆ. (2) ಕ ಸೊನ್ನೆಯಲ್ಲದ ಪೂರ್ಣಾಂಕ.

(1)ಕ್ಕೆ 2 ಹಾಕಿದರೆ 4 > 2, ಹೌದು. ½ ಹಾಕಿದರೆ ¼ ಎಂಬುದು ½ಗಿಂತ ಚಿಕ್ಕದು, ಅಲ್ಲ. ಸಾಲದು. (2)ಕ್ಕೆ 2 ಹಾಕಿದರೆ ಹೌದು, 1 ಹಾಕಿದರೆ 1 > 1 ಆಗುವುದಿಲ್ಲ, ಅಲ್ಲ. ಸಾಲದು. ಒಟ್ಟುಗೂಡಿಸಿದರೆ ಭಿನ್ನರಾಶಿ ಹೋಯಿತು, ಋಣ ಸಂಖ್ಯೆ ಹೋಯಿತು, ಆದರೆ 1 ಇನ್ನೂ ಅಲ್ಲೇ ಕೂತಿದೆ. 1ಕ್ಕೆ ಅಲ್ಲ, 2ಕ್ಕೆ ಹೌದು. ಉತ್ತರ ಇ. ಇದಕ್ಕೆ ಸಿ ಎಂದು ಬರೆಯುವವರೆಲ್ಲ ಮರೆತದ್ದು 1 ಎಂಬ ಒಂದೇ ಸಂಖ್ಯೆಯನ್ನು.

ಇನ್ನೊಂದು ಮಾತು. ನಾಲ್ಕು ಸಂಖ್ಯೆಗೂ ಒಂದೇ ಉತ್ತರ ಬಂತು ಎಂದ ಮಾತ್ರಕ್ಕೆ ಸಾಕು ಎಂದು ಸಾಧಿಸಿದಂತಾಗಲಿಲ್ಲ. ಸಂಖ್ಯೆ ಹಾಕುವುದು "ಸಾಲದು" ಎಂದು ತೋರಿಸಲು ಒಳ್ಳೆಯ ದಾರಿ. "ಸಾಕು" ಎನ್ನಲು ಬೀಜಗಣಿತವೋ ತರ್ಕವೋ ಕಾರಣ ಕೊಡಬೇಕು.

ಅಸಮತೆಗಳಲ್ಲಿ ಏಕೆ ಇಷ್ಟು ತಪ್ಪಾಗುತ್ತದೆ?

ಚಿಹ್ನೆ ಗೊತ್ತಿಲ್ಲದ ಅಕ್ಷರದಿಂದ ಗುಣಿಸಿಬಿಡುವುದರಿಂದ. ಕ > ಖ ಆಗಿದೆಯೇ? (1) ಕ ÷ ಖ > 1. (2) ಖ > 0. ಮೊದಲನೆಯದನ್ನು ಎರಡೂ ಕಡೆ ಖ ಇಂದ ಗುಣಿಸಿ ಕ > ಖ ಎಂದು ಬರೆದು ಎ ಗುರುತು ಹಾಕುತ್ತಾರೆ. ಖ ಋಣವಾಗಿದ್ದರೆ ಅಸಮತೆ ತಿರುಗುತ್ತದೆ: −3 ÷ −2 ಎಂಬುದು 1.5, ಒಂದಕ್ಕಿಂತ ದೊಡ್ಡದು. ಆದರೆ −3 ಎಂಬುದು −2ಕ್ಕಿಂತ ಚಿಕ್ಕದು. (2) ಬಂದು ಖ ಧನ ಎಂದ ಮೇಲೆಯೇ ಗುಣಿಸಬಹುದು. ಉತ್ತರ ಸಿ.

ಇದರ ತಮ್ಮನಂಥ ಇನ್ನೊಂದು ತಪ್ಪು: ಕ × ಖ = ಕ ಎಂದಿದ್ದಾಗ ಎರಡೂ ಕಡೆ ಕ ಹೊಡೆದು ಖ = 1 ಎನ್ನುವುದು. ಕ ಸೊನ್ನೆಯಾಗಿದ್ದರೆ ಖ ಏನು ಬೇಕಾದರೂ ಆಗಬಹುದು.

ಭಾಗಾಕಾರದ ಪ್ರಶ್ನೆಗಳಲ್ಲಿ ಏನನ್ನು ಗಮನಿಸಬೇಕು?

ನ ಒಂದು ಧನ ಪೂರ್ಣಾಂಕ. ಅದು 48ರಿಂದ ಭಾಗವಾಗುತ್ತದೆಯೇ? (1) 6ರಿಂದ ಭಾಗವಾಗುತ್ತದೆ. (2) 8ರಿಂದ ಭಾಗವಾಗುತ್ತದೆ. 6 × 8 = 48 ಎಂದು ಸಿ ಬರೆದರೆ ತಪ್ಪು. 6 = 2 × 3, 8 = 2 × 2 × 2. 6ರಲ್ಲಿರುವ 2 ಹೊಸದೇನಲ್ಲ, 8ರೊಳಗೇ ಇದೆ. ಇವೆರಡರಿಂದ ಗಟ್ಟಿಯಾಗುವುದು ಲ.ಸಾ.ಅ. 24 ಮಾತ್ರ. 24ಕ್ಕೆ ಅಲ್ಲ, 48ಕ್ಕೆ ಹೌದು, ಉತ್ತರ ಇ. ಅದೇ ಪ್ರಶ್ನೆಯಲ್ಲಿ 48ರ ಬದಲು 24 ಎಂದು ಕೇಳಿದ್ದರೆ ಉತ್ತರ ಸಿ.

ಅನುಪಾತ ಕೊಟ್ಟಾಗ ಸಂಖ್ಯೆ ಸಿಗುತ್ತದೆಯೇ?

ಅನುಪಾತದಿಂದ ಅನುಪಾತ, ಭಾಗ, ಶೇಕಡಾ ಇಷ್ಟೂ ಸಿಗುತ್ತವೆ, ಎಣಿಕೆ ಸಿಗುವುದಿಲ್ಲ. ತರಗತಿಯಲ್ಲಿ ಹುಡುಗರು ಮತ್ತು ಹುಡುಗಿಯರು 3:5 ಎಂದರೆ ಹುಡುಗರು ಶೇಕಡಾ 37.5 ಎಂದು ಹೇಳಬಹುದು, ಎಷ್ಟು ಜನ ಎಂದು ಹೇಳಲಾಗದು. ಆದರೆ "ಒಟ್ಟು ಮಕ್ಕಳು 50ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ" ಎಂದು ಇನ್ನೊಂದು ಹೇಳಿಕೆ ಇದ್ದರೆ ನಿಲ್ಲಿ. ಒಟ್ಟು 8ರ ಅಪವರ್ತ್ಯವಾಗಬೇಕು, ಆ ನಡುವೆ ಇರುವುದು 56 ಒಂದೇ. ಹುಡುಗರು 21. ಗಡಿಯಷ್ಟೇ ಹೇಳಿದ ಮಾತು ಅನುಪಾತದ ಜೊತೆ ಸೇರಿ ಖಚಿತ ಸಂಖ್ಯೆ ಕೊಟ್ಟಿತು. ಅಂದಾಜಿನಂತೆ ಕಾಣುವ ಹೇಳಿಕೆಯನ್ನು ಅದಕ್ಕೇ ಹಗುರವಾಗಿ ಕಾಣಬಾರದು.

ಲೆಕ್ಕವೇ ಇಲ್ಲದ, ಬರೀ ತರ್ಕದ ಪ್ರಶ್ನೆಗಳನ್ನು ಹೇಗೆ ಬಿಡಿಸುವುದು?

ಜಿಮ್ಯಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ಡೇಟಾ ಸಫಿಷಿಯೆನ್ಸಿ ಗಣಿತ ವಿಭಾಗ ಬಿಟ್ಟು ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋಯಿತು. ಅಲ್ಲಿ ಮಾತಿನ ತರ್ಕದ ಪ್ರಶ್ನೆಗಳೂ ಬರಬಹುದು. ಉಪಾಯ ಅದೇ.

ಒಂದು ಕಪಾಟಿನಲ್ಲಿ ಕೆಂಪು, ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಐದು ಪುಸ್ತಕಗಳು ಸಾಲಾಗಿವೆ. ನಡುವಿನದು ಯಾವುದು? (1) ಕೆಂಪು ಮತ್ತು ನೀಲಿ ಎರಡು ತುದಿಗಳಲ್ಲಿವೆ. (2) ಹಸಿರು ಪುಸ್ತಕದ ಒಂದು ಮಗ್ಗುಲಿಗೆ ಹಳದಿ, ಇನ್ನೊಂದು ಮಗ್ಗುಲಿಗೆ ಬಿಳಿ ಅಂಟಿಕೊಂಡಂತಿವೆ.

(1)ರಿಂದ ನಡುವೆ ಹಸಿರು, ಹಳದಿ, ಬಿಳಿ ಯಾವುದೂ ಇರಬಹುದು. (2)ರಿಂದ ಮೂರು ಪುಸ್ತಕಗಳ ಒಂದು ಕಟ್ಟು ಸಿಗುತ್ತದೆ. ಅದು 1ರಿಂದ 3, 2ರಿಂದ 4, 3ರಿಂದ 5 ಎಲ್ಲಿ ಬೇಕಾದರೂ ಕೂರಬಹುದು, ನಡುವಿನದು ಬದಲಾಗುತ್ತದೆ. ಒಟ್ಟುಗೂಡಿಸಿದರೆ ಕಟ್ಟು 2ರಿಂದ 4ಕ್ಕೇ ಬರಬೇಕು, ನಡುವೆ ಹಸಿರು. ಉತ್ತರ ಸಿ.

ಇಲ್ಲಿ ಪೂರ್ತಿ ಸಾಲು ಇನ್ನೂ ಗೊತ್ತಾಗಿಲ್ಲ. ನಾಲ್ಕು ಬಗೆಯಲ್ಲಿ ಜೋಡಿಸಬಹುದು. ಆದರೆ ನಾಲ್ಕರಲ್ಲೂ ನಡುವಿನದು ಹಸಿರೇ. ಎಲ್ಲವೂ ಗೊತ್ತಾಗಬೇಕು ಎಂದು ಹಟ ಹಿಡಿದವರು ಇಲ್ಲಿ ಇ ಎಂದು ಬರೆಯುತ್ತಾರೆ. ಕೇಳಿದ್ದು ಗೊತ್ತಾದರೆ ಸಾಕು.

ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿ ಬಂದರೆ?

ನಿಮ್ಮ ಲೆಕ್ಕದಲ್ಲಿ ತಪ್ಪಿದೆ. ಜಿಮ್ಯಾಟ್‌ನಲ್ಲಿ ಎರಡೂ ಹೇಳಿಕೆ ನಿಜವೇ ಆಗಿರುತ್ತವೆ, ಪರಸ್ಪರ ಜಗಳವಾಡುವುದಿಲ್ಲ. (1)ರಿಂದ ಕ = 4, (2)ರಿಂದ ಕ = 5 ಬಂದರೆ ಮತ್ತೆ ನೋಡಿ. (1)ರಿಂದ 4 ಅಥವಾ −4 ಬಂದಿದ್ದರೆ (2)ರ ಉತ್ತರಗಳಲ್ಲಿ ಇವುಗಳಲ್ಲೊಂದು ಇರಲೇಬೇಕು. ಖರ್ಚಿಲ್ಲದೆ ಸಿಗುವ ತಾಳೆ ಇದು.

ಒಂದು ಹೇಳಿಕೆ ಇನ್ನೊಂದರೊಳಗೇ ಅಡಗಿದ್ದರೆ?

(1) ನ 4ರ ಅಪವರ್ತ್ಯ, (2) ನ 12ರ ಅಪವರ್ತ್ಯ ಎಂದಿದೆ ಎನ್ನಿ. 12ರ ಅಪವರ್ತ್ಯವೆಲ್ಲ 4ರ ಅಪವರ್ತ್ಯವೂ ಹೌದು, ಅಂದರೆ (2)ರೊಳಗೆ (1) ಇದೆ. ಒಟ್ಟುಗೂಡಿಸಿದರೆ ಹೊಸದೇನೂ ಸಿಗದು, ಆದ್ದರಿಂದ ಸಿ ಆಗಲಾರದು. (1) ಸಾಕಾದರೆ (2) ಕೂಡ ಸಾಕೇ, ಆದ್ದರಿಂದ ಎ ಕೂಡ ಆಗಲಾರದು. ಪ್ರಶ್ನೆ ಏನೆಂದು ನೋಡುವ ಮೊದಲೇ ಬಿ, ಡಿ, ಇ ಮೂರೇ ಉಳಿದವು.

ಚಿತ್ರ ಕೊಟ್ಟಿದ್ದರೆ ಅದನ್ನು ನಂಬಬಹುದೇ?

ಅಳತೆಯನ್ನು ನಂಬಬೇಡಿ. ಲಂಬಕೋನದಂತೆ ಕಂಡದ್ದು ಲಂಬಕೋನ ಎಂದು ಬರೆದಿಲ್ಲದಿದ್ದರೆ ಹಾಗೇ ಇದೆ ಎಂದು ಭಾವಿಸಬೇಡಿ, ಚಿತ್ರವನ್ನು ಎಳೆದು ಸೊಟ್ಟಗೆ ಬರೆದು ನೋಡಿ.

ಒಂದು ಪ್ರಶ್ನೆಗೆ ಎಷ್ಟು ಸಮಯ ಕೊಡಬೇಕು?

ಜಿಮ್ಯಾಟ್‌ನ ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿ 20 ಪ್ರಶ್ನೆ, 45 ನಿಮಿಷ. ಸರಾಸರಿ ಎರಡು ಕಾಲು ನಿಮಿಷ. ಕೋಷ್ಟಕ, ನಕ್ಷೆ ಓದುವ ಪ್ರಶ್ನೆಗಳು ಹೆಚ್ಚು ಸಮಯ ತಿನ್ನುವುದರಿಂದ ಡೇಟಾ ಸಫಿಷಿಯೆನ್ಸಿಯನ್ನು ಎರಡು ನಿಮಿಷದೊಳಗೆ ಮುಗಿಸುವುದು ಒಳ್ಳೆಯದು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ಆದರೆ ಈ ಬಗೆಯ ಪ್ರಶ್ನೆಯಲ್ಲಿ ಅದಕ್ಕೆ ಕೈ ಹೋಯಿತೆಂದರೆ ಬೇಡದ ಲೆಕ್ಕ ಮಾಡುತ್ತಿದ್ದೀರಿ ಎಂಬ ಗುಮಾನಿ ಇರಲಿ. ಸಮೀಕರಣಕ್ಕೆ ಒಂದೇ ಪರಿಹಾರ ಎಂದು ಕಂಡ ಕ್ಷಣವೇ ಪೆನ್ನು ನಿಲ್ಲಿಸಿ.

ಅಭ್ಯಾಸ ಹೇಗೆ ಮಾಡಬೇಕು?

ತಪ್ಪಾದ ಪ್ರಶ್ನೆಯನ್ನು "ಬೀಜಗಣಿತ", "ಅನುಪಾತ" ಎಂದು ವಿಷಯವಾರು ಬರೆದಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ತಪ್ಪಿನ ಬಗೆಯನ್ನು ಬರೆಯಿರಿ: ಪೂರ್ಣಾಂಕ ಎಂದು ಊಹಿಸಿದೆ, "ಅಲ್ಲ"ವನ್ನು "ಸಾಲದು" ಎಂದೆ, (1)ರ ಮಾಹಿತಿಯನ್ನು (2)ಕ್ಕೆ ಸಾಗಿಸಿದೆ, ಅವಸರದಲ್ಲಿ ಸಿ ಎಂದೆ. ಮೂವತ್ತು ಪ್ರಶ್ನೆ ಕಳೆಯುವುದರೊಳಗೆ ನಿಮ್ಮ ತಪ್ಪು ಒಂದೆರಡು ಬಗೆಗಳ ಸುತ್ತಲೇ ತಿರುಗುವುದು ಕಾಣತೊಡಗುತ್ತದೆ. "ಸಾಲದು" ಎಂದ ಪ್ರತಿ ಸಲವೂ ಮುರಿಯುವ ಎರಡು ಸಂದರ್ಭಗಳನ್ನು ಬರೆದೇ ಮುಂದೆ ಹೋಗಿ. ಬರೆಯಲು ಬರದಿದ್ದರೆ ನೀವು ಹೇಳಿದ್ದು ಊಹೆ.

ಏನೂ ತೋಚದಿದ್ದರೆ ಊಹಿಸುವುದು ಹೇಗೆ?

ಸುಲಭದ ಒಂದು ಹೇಳಿಕೆಯನ್ನಾದರೂ ತೀರ್ಮಾನಿಸಿ. ಅದು ಸಾಕಾದರೆ ಎರಡರಲ್ಲಿ ಒಂದು, ಸಾಲದಿದ್ದರೆ ಮೂರರಲ್ಲಿ ಒಂದು. ಎರಡನ್ನೂ ಸೇರಿಸಿದರೆ ಸಾಕು ಎಂಬುದು ಮೊದಲ ನೋಟಕ್ಕೇ ಹೊಳೆದುಬಿಟ್ಟರೆ ಸಿ ಮೇಲೆ ಅನುಮಾನವಿರಲಿ. ಕಷ್ಟದ ಪ್ರಶ್ನೆಯಲ್ಲಿ ಅಷ್ಟು ಸುಲಭವಾಗಿ ಸಿ ಸಿಗುವುದು ಕಡಿಮೆ, ಪೆಟ್ಟಿಗೆಯ ಲೆಕ್ಕದಲ್ಲಿ ಕಂಡಂತೆ ಒಂದೇ ಹೇಳಿಕೆ ಸಾಕಾಗಿರಬಹುದು. ಆ ಹೇಳಿಕೆಯಲ್ಲಿ ಪೂರ್ಣಾಂಕದ ಕಟ್ಟುಪಾಡು ಇದೆಯೇ ಎಂದು ಇನ್ನೊಮ್ಮೆ ನೋಡಿ.

ಮೂರು ಹೇಳಿಕೆಗಳಿದ್ದರೆ?

ಕೆಲವು ನೇಮಕಾತಿ ಪರೀಕ್ಷೆಗಳಲ್ಲಿ ಹೀಗೆ ಬರುತ್ತದೆ. ಬಿಡಿಯಾಗಿ ಮೂರು, ಜೋಡಿಯಾಗಿ ಮೂರು, ಒಟ್ಟಿಗೆ ಒಂದು, ಹೀಗೆ ನೋಡಬೇಕಾದವು ಏಳು. ಎಲ್ಲವನ್ನೂ ನೋಡುವ ಮೊದಲು ಆಯ್ಕೆಗಳನ್ನು ಓದಿ. "ಯಾವುದಾದರೂ ಎರಡು ಸಾಕು" ಎಂಬ ಆಯ್ಕೆಯನ್ನು ಹೊಡೆದುಹಾಕಲು ಸಾಲದ ಒಂದು ಜೋಡಿ ಸಿಕ್ಕರೆ ಆಯಿತು, "ಮೂರೂ ಬೇಕು" ಎಂಬುದನ್ನು ಹೊಡೆದುಹಾಕಲು ಸಾಕಾಗುವ ಒಂದು ಜೋಡಿ ಸಿಕ್ಕರೆ ಆಯಿತು. ಅಂದರೆ ಒಂದೊಂದು ಜೋಡಿಯ ತೀರ್ಮಾನವೂ ಯಾವುದೋ ಒಂದು ಆಯ್ಕೆಯನ್ನು ಕೆಡವುತ್ತದೆ. ಏಳನ್ನೂ ನೋಡಬೇಕಾಗಿ ಬರುವುದು ಕಡಿಮೆ.